ಕೆಪ್ಲರನ ಮಸುಕು ಕಣ್ಣು

ಯಲಬುರ್ಗಾದಲ್ಲಿ ಕಳೆದ ಬಾಲ್ಯದಲ್ಲಿ ನನಗೆ ಕರಿಹಲಗೆಯ ಅಕ್ಷರಗಳು ಕಾಣದಾದಾಗ, ಕನ್ನಡಕ ತೊಡಿಸಿದರೆ ನಂಬರು ಏರುವುದೆಂದು ಹಿರಿಯರು ಎರಡು ವರ್ಷ ತಡೆದರು. ನಮ್ಮ ಸೀಮೆಯಲ್ಲಿ ಅದಕ್ಕೆ ಚಾಳೀಸು ಎಂದು ಹೆಸರು. ನಲವತ್ತಕ್ಕೆ ಬರುವ ವಸ್ತುವೆಂದು ಆ ಮಾತೇ ಸಾರುತ್ತದೆ. ಈಗ ಗಂಗಾವತಿಯಲ್ಲಿ ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು ಅದನ್ನು ಚೀಲದಲ್ಲಿ ಅಡಗಿಸಿ ಕೂರುತ್ತಾಳೆ. ಅವಳನ್ನು ಕಂಡಾಗಲೆಲ್ಲ ನನಗೆ ಯೋಹಾನೆಸ್ ಕೆಪ್ಲರನ ನೆನಪು.

1571ರ ಡಿಸೆಂಬರ್ 27ರಂದು ಜರ್ಮನಿಯಲ್ಲಿ ಜನಿಸಿದ ಈತನ ಕಣ್ಣನ್ನು ಎಳವೆಯ ಸಿಡುಬು ಕೆಡಿಸಿತು. 1577ರಲ್ಲಿ ತಾಯಿ ಎತ್ತರದ ಜಾಗಕ್ಕೆ ಕರೆದೊಯ್ದು ಧೂಮಕೇತುವನ್ನು ತೋರಿಸಿದಳು. ಮಗನಿಗೆ ಅದೆಷ್ಟು ಕಂಡಿತೋ! ದೂರದ್ದು ಮಸುಕು, ಒಂದೇ ವಸ್ತು ಹಲವಾಗಿ ಕಾಣುವ ತೊಂದರೆ ಬೇರೆ. ಅಂಥವನು ಖಗೋಳಜ್ಞನಾದ. 1600ರಲ್ಲಿ ಪ್ರಾಗಿನ ಟೈಕೊ ಬ್ರಾಹೆಯ ಬಳಿ ಸೇರಿ, ಮರುವರ್ಷ ಆತ ಮಡಿದ ಮೇಲೆ ಅವನ ವೀಕ್ಷಣೆಗಳನ್ನೇ ಕಣ್ಣಾಗಿಸಿಕೊಂಡು ಗ್ರಹಗಳ ದೀರ್ಘವೃತ್ತ ಪಥವನ್ನು ಕಂಡುಹಿಡಿದು, 1609ರಲ್ಲಿ ಪ್ರಕಟಿಸಿದ.

ನನಗೆ ಇದಕ್ಕಿಂತ ಮುಖ್ಯವಾದುದು ಅವನ 1604ರ ಗ್ರಂಥ. ಕನ್ನಡಕ ಆಗಲೇ ಮುನ್ನೂರು ವರ್ಷಗಳಿಂದ ಜನರ ಮೂಗಿನ ಮೇಲಿತ್ತು. ಅದು ನೆರವಾಗುವ ಬಗೆಯನ್ನು ಯಾರೂ ಸರಿಯಾಗಿ ಅರಿತಿರಲಿಲ್ಲ. ಚಿತ್ರ ಮೂಡುವುದು ಕಣ್ಣಿನ ಹಿಂಬದಿಯ ಪರದೆಯ ಮೇಲೆ, ಅದೂ ತಲೆಕೆಳಗಾಗಿ. ಸಮೀಪದೃಷ್ಟಿಯವರಲ್ಲಿ ಕಿರಣಗಳು ಪರದೆಗೆ ಮುಂಚೆಯೇ ಕೂಡಿ ಚದರುತ್ತವೆ. ನಿಮ್ನಮಸೂರ ಆ ಕೂಡುತಾಣವನ್ನು ಹಿಂದಕ್ಕೆ ಸರಿಸುತ್ತದೆ. ಇಷ್ಟನ್ನೂ ಕೆಪ್ಲರ್ ವಿವರಿಸಿದ. ಎಳೆತನದಿಂದ ಓದಿನಲ್ಲಿ ಮುಳುಗಿದವರ ಕಣ್ಣು ಹತ್ತಿರಕ್ಕೇ ಒಗ್ಗುತ್ತದೆಂದೂ ಊಹಿಸಿದ.

ನಂಬರು ಏರುವುದು ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆ ಅಳತೆ ಮೀರಿ ಉದ್ದವಾಗುವುದರಿಂದ ಎಂದು ಈಗ ತಿಳಿದಿದೆ. ಒಂದು ಮಿಲಿಮೀಟರು ಹೆಚ್ಚಿದರೆ ಸುಮಾರು ಎರಡೂವರೆ ಡಯಾಪ್ಟರು. ಕನ್ನಡಕದ ಬೆನ್ನಿಗೇ ನಂಬರು ಏರಿದ್ದನ್ನು ಕಂಡು ಹಿರಿಯರು ಕನ್ನಡಕವನ್ನೇ ದೂರಿದರು. ಬೇಕಾದುದಕ್ಕಿಂತ ಕಡಿಮೆ ನಂಬರಿನ ಮಸೂರ ಕೊಟ್ಟರೆ ಏರಿಕೆ ತಗ್ಗುವುದೆಂಬ ನಂಬಿಕೆಯೂ ಇತ್ತು; 2002ರಲ್ಲಿ ಪ್ರಕಟವಾದ ಮಲೇಷ್ಯಾದ ಪರೀಕ್ಷೆಯಲ್ಲಿ ಅಂಥ ಮಕ್ಕಳ ನಂಬರೇ ತುಸು ಹೆಚ್ಚು ಏರಿತು. ನಡುಭಾಗವನ್ನು ಬಿಟ್ಟು ಸುತ್ತಲೂ ನೂರಾರು ಕಿರುಮಸೂರಗಳನ್ನು ಕೂಡಿಸಿದ ಹೊಸ ಕನ್ನಡಕವಾದರೋ ಹಾಂಗ್‌ಕಾಂಗಿನ ಮಕ್ಕಳಲ್ಲಿ ಎರಡು ವರ್ಷಗಳ ಏರಿಕೆಯನ್ನು ಅರ್ಧದಷ್ಟು ತಗ್ಗಿಸಿತು. ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ಈ ದೋಷ ತಡವಾಗಿ ಬರುತ್ತದೆ. ನಮ್ಮ ಬಿಸಿಲುನಾಡಿನಲ್ಲಿ ಬೆಳಕಿಗೇನು ಬರ!

ಬರಬೇಕಾದ ಬಾಕಿ ಹಣಕ್ಕಾಗಿ ಅಲೆಯುತ್ತ ಕೆಪ್ಲರ್ 1630ರ ನವೆಂಬರ್ 15ರಂದು ರೇಗೆನ್ಸ್‌ಬರ್ಗಿನಲ್ಲಿ ತೀರಿಕೊಂಡ. ಯುದ್ಧದಲ್ಲಿ ಅವನ ಸಮಾಧಿಯೂ ಅಳಿಯಿತು. ಈ ಕಥೆಯನ್ನು ಆ ಹುಡುಗಿಗೆ ಹೇಳಿದ್ದೇನೆ. ಮುಂದಿನ ಬೆಂಚಿಗೆ ಬಂದಿದ್ದಾಳೆ. ಚಾಳೀಸು ಇನ್ನೂ ಚೀಲದಲ್ಲಿಯೇ ಇದೆ.