ಗೈಡಿನ ಒಂದು ಸಾಲಿನ ಹಿಂದೆ

ಕಳೆದ ಸಲದ ಪರೀಕ್ಷೆಯಲ್ಲಿ ನನ್ನನ್ನು ಕೆಡವಿದ್ದು ಕಂಪ್ಯೂಟರ್ ಜ್ಞಾನ. ಗ್ರೂಪ್ ಸಿ ಹುದ್ದೆಗಳ ಸಂವಹನ ಪತ್ರಿಕೆ ಹೇಗಿರುತ್ತದೆ ಎಂದು ಓದುವ ನಿಮಗೆಲ್ಲ ಗೊತ್ತು. ಸಾಮಾನ್ಯ ಕನ್ನಡಕ್ಕೆ 35, ಇಂಗ್ಲಿಷಿಗೆ 35, ಕಂಪ್ಯೂಟರಿಗೆ 30 ಅಂಕ. ಮೂರರಲ್ಲಿ ಚಿಕ್ಕದು ಅಂತ ನಾನು ಅದನ್ನು ಕೊನೆಯ ಹತ್ತು ದಿನಕ್ಕೆ ಇಟ್ಟುಕೊಂಡಿದ್ದೆ. ಕೀ ಉತ್ತರ ಬಂದ ದಿನ ಕೂತು ಲೆಕ್ಕ ಹಾಕಿದೆ. 30ರಲ್ಲಿ 11 ಸರಿ, 14 ತಪ್ಪು, ಉಳಿದದ್ದು ಖಾಲಿ. ತಪ್ಪಿಗೆ ಕಾಲು ಅಂಕದಂತೆ ಕಳೆದರೆ ಕೈಯಲ್ಲಿ ಉಳಿದದ್ದು ಏಳೂವರೆ.

ನಲ್ಲೂರಿನಲ್ಲಿ ಕೂತು ಓದುವವರ ಕಷ್ಟ ಬೇರೆ ಥರದ್ದು. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಇಲ್ಲದ ವಸ್ತುವಿನ ಭಾಗಗಳ ಹೆಸರನ್ನು ಬಾಯಿಪಾಠ ಮಾಡಬೇಕು. ರ‍್ಯಾಮ್ ಎಂದರೆ ಏನು, ರಾಮ್ ಎಂದರೆ ಯಾವುದು, ಕಂಟ್ರೋಲ್ ಜೊತೆ ಯಾವ ಅಕ್ಷರ ಒತ್ತಿದರೆ ಏನಾಗುತ್ತದೆ, ಎಲ್ಲವೂ ಊರು ನೋಡದೆ ಊರಿನ ನಕ್ಷೆ ಕಲಿತ ಹಾಗೆ. ಈ ಸಲ ಹಾಗೆ ಮಾಡಬಾರದು ಅಂತ ಗೈಡಿನ ಮೊದಲ ಪುಟದಿಂದ ಶುರು ಮಾಡಿದೆ. ಅಲ್ಲಿ ಎರಡು ಸಾಲು ಒಂದರ ಕೆಳಗೊಂದು ಇದ್ದವು. ಕಂಪ್ಯೂಟರ್ ಪಿತಾಮಹ ಚಾರ್ಲ್ಸ್ ಬ್ಯಾಬೇಜ್. ಆಧುನಿಕ ಕಂಪ್ಯೂಟರ್ ವಿಜ್ಞಾನದ ಪಿತಾಮಹ ಅಲನ್ ಟ್ಯೂರಿಂಗ್. ಒಂದು ಯಂತ್ರಕ್ಕೆ ಇಬ್ಬರು ಪಿತಾಮಹರು ಯಾಕೆ ಅನ್ನುವ ಸಣ್ಣ ಸಿಟ್ಟಿನಿಂದ ಎರಡನೆಯವನ ಬೆನ್ನು ಹತ್ತಿದೆ. ಬ್ಯಾಬೇಜನಿಗೆ ನಾನಿನ್ನೂ ತಿರುಗಿ ಹೋಗಿಲ್ಲ.

ಹುಡುಕಿದಾಗ ಮೊದಲು ಸಿಕ್ಕಿದ್ದು ನಮ್ಮ ಕಡೆಯ ಹೆಸರುಗಳೇ. ಅಲನ್ ಟ್ಯೂರಿಂಗನ ತಂದೆ ಜೂಲಿಯಸ್ ಟ್ಯೂರಿಂಗ್ ಕೂಡ ನಮ್ಮ ಹಾಗೆ ಸ್ಪರ್ಧಾತ್ಮಕ ಪರೀಕ್ಷೆ ಬರೆದವರು. 1895ರ ಐಸಿಎಸ್ ಪ್ರವೇಶ ಪರೀಕ್ಷೆಯಲ್ಲಿ 154 ಮಂದಿಯಲ್ಲಿ ಏಳನೆಯವರಾಗಿ ಪಾಸಾಗಿ ಮದ್ರಾಸ್ ಪ್ರಾಂತ್ಯಕ್ಕೆ ಬಂದರು. ಅವರು ಕೆಲಸ ಮಾಡಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು, ಆಗ ಅದು ಮದ್ರಾಸಿಗೆ ಸೇರಿತ್ತು. ಬೆಳೆ, ನೀರಾವರಿ, ನೈರ್ಮಲ್ಯ, ಲಸಿಕೆ, ಲೆಕ್ಕಪತ್ರ ಇವೇ ಅವರ ಕೆಲಸ. ಅಂದರೆ ಇವತ್ತು ನಾವು ಯಾವ ಕಚೇರಿಗಳ ಬಾಗಿಲಲ್ಲಿ ನಿಂತಿದ್ದೇವೋ ಅವುಗಳ ಹಳೆಯ ರೂಪ. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಅವರ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್, ತುಂಗಭದ್ರೆಗೆ ರೈಲು ಸೇತುವೆ ಕಟ್ಟಿಸಿದವರು. ಹೊನ್ನಾಳಿಯಲ್ಲಿ ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ ಅದೇ ಹೊಳೆಗೆ, ಬಹಳ ಕೆಳಗೆ, ಈ ಹುಡುಗನ ತಾತ ಸೇತುವೆ ಕಟ್ಟಿಸಿದ್ದರು ಎಂದು ತಿಳಿದಾಗ ಗೈಡಿನ ಸಾಲು ನನಗೆ ಸ್ವಲ್ಪ ಹತ್ತಿರ ಬಂತು.

ಅಲನ್ ಹುಟ್ಟಿದ್ದು 1912ರ ಜೂನ್ 23ರಂದು ಲಂಡನ್ನಿನಲ್ಲಿ. ತಂದೆತಾಯಿ ನೌಕರಿಗಾಗಿ ಮದ್ರಾಸ್ ಪ್ರಾಂತ್ಯದಲ್ಲಿದ್ದರೆ, ಆತ ಮತ್ತು ಅಣ್ಣ ಜಾನ್ ಇಂಗ್ಲೆಂಡಿನಲ್ಲಿ ಬೇರೊಬ್ಬ ನಿವೃತ್ತ ಸೇನಾಧಿಕಾರಿಯ ಮನೆಯಲ್ಲಿ ಬೆಳೆದರು. ಸರ್ಕಾರಿ ನೌಕರಿಯ ಬೆಲೆಯನ್ನು ಆ ಮಕ್ಕಳೂ ಕೊಟ್ಟರು. 1926ರಲ್ಲಿ ಶೆರ್ಬೋರ್ನ್ ಶಾಲೆ ಸೇರುವ ದಿನ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಮುಷ್ಕರ, ರೈಲಿಲ್ಲ. ಹದಿಮೂರು ವರ್ಷದ ಹುಡುಗ ಬಂದರಿನಿಂದ ಸೈಕಲ್ ಹತ್ತಿ, ದಾರಿಯಲ್ಲಿ ಒಂದು ರಾತ್ರಿ ತಂಗಿ, ಸುಮಾರು 100 ಕಿಲೋಮೀಟರ್ ತುಳಿದು ಶಾಲೆ ಮುಟ್ಟಿದ. ಶಾಲೆಯಲ್ಲಿ ಮಾತ್ರ ಒಳ್ಳೆಯ ಹೆಸರಿಲ್ಲ. ಅಕ್ಷರ ಕೆಟ್ಟದು, ಪುಸ್ತಕದ ತುಂಬ ಶಾಯಿ, ಇಂಗ್ಲಿಷ್ ಮತ್ತು ಲ್ಯಾಟಿನ್ ಅಷ್ಟಕ್ಕಷ್ಟೆ. ಕ್ಯಾಲ್ಕುಲಸ್ ಕಲಿಯುವ ಮೊದಲೇ ತ್ರಿಕೋನಮಿತಿಯ ಒಂದು ಅನಂತ ಶ್ರೇಣಿಯನ್ನು ತಾನೇ ಕಂಡುಹಿಡಿದುಕೊಂಡಿದ್ದ. ಆದರೆ ಅಲ್ಲಿ ಬರೀ ವಿಜ್ಞಾನಕ್ಕೆ ಬೆಲೆ ಕಡಿಮೆ.

ಅಲ್ಲಿ ಆತನಿಗೆ ಒಬ್ಬ ಗೆಳೆಯ ಸಿಕ್ಕಿದ, ಕ್ರಿಸ್ಟೋಫರ್ ಮೋರ್ಕಮ್. ಇಬ್ಬರೂ 1929ರ ಡಿಸೆಂಬರಿನಲ್ಲಿ ಕೇಂಬ್ರಿಜ್‌ಗೆ ಹೋಗಿ ಟ್ರಿನಿಟಿ ಕಾಲೇಜಿನ ವಿದ್ಯಾರ್ಥಿವೇತನದ ಪರೀಕ್ಷೆ ಬರೆದರು. ಕ್ರಿಸ್ಟೋಫರ್ ಪಾಸಾದ, ಅಲನ್ ಆಗಲಿಲ್ಲ. ಎರಡು ತಿಂಗಳು ಕಳೆಯುವುದರೊಳಗೆ, 1930ರ ಫೆಬ್ರುವರಿಯಲ್ಲಿ, ಕ್ರಿಸ್ಟೋಫರ್ ಕ್ಷಯದಿಂದ ತೀರಿಹೋದ. ಅಲನ್ ಆ ವರ್ಷದ ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆಗೆ ಕೂತು ಅದೇ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ ಆಯ್ಕೆಯಾದ. ಪಾಸಾದವನು ಹೋದ, ಫೇಲಾದವನು ಉಳಿದ. ಸತ್ತ ಗೆಳೆಯ ಮಾಡಬೇಕಾಗಿದ್ದ ಕೆಲಸವನ್ನು ತಾನು ಮಾಡಬೇಕು ಅನ್ನುವ ಭಾವನೆ ಆತನಲ್ಲಿ ಬಹುಕಾಲ ಇತ್ತಂತೆ. ನನ್ನ ಏಳೂವರೆ ಅಂಕದ ದುಃಖ ಆ ಪುಟದಲ್ಲಿ ಸ್ವಲ್ಪ ನಾಚಿತು.

ಪರೀಕ್ಷೆಗೆ ನಿಜವಾಗಿ ಬೇಕಾದ ಭಾಗ ಬರುವುದು 1936ರಲ್ಲಿ. ಆತನಿಗೆ ಆಗ 24 ತುಂಬುತ್ತಿತ್ತು. ಆ ಕಾಲದಲ್ಲಿ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಮಾಡುವ ನೌಕರ. ಆ ನೌಕರ ಏನು ಮಾಡುತ್ತಾನೆ ಎಂಬುದನ್ನು ಟ್ಯೂರಿಂಗ್ ತೀರಾ ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದ. ಒಂದು ಉದ್ದನೆಯ ಪಟ್ಟಿ, ಅದರ ತುಂಬ ಚೌಕಗಳು. ಒಂದು ತಲೆ ಒಮ್ಮೆಗೆ ಒಂದೇ ಚೌಕ ನೋಡುತ್ತದೆ. ಓದುತ್ತದೆ, ಬರೆಯುತ್ತದೆ, ಅಳಿಸುತ್ತದೆ, ಎಡಕ್ಕೋ ಬಲಕ್ಕೋ ಒಂದು ಚೌಕ ಸರಿಯುತ್ತದೆ. ಈಗ ತಾನು ಯಾವ ಸ್ಥಿತಿಯಲ್ಲಿದ್ದೇನೆ, ಮುಂದೆ ಏನು ಮಾಡಬೇಕು ಎಂದು ಹೇಳುವ ನಿಯಮಗಳ ಒಂದು ಕೋಷ್ಟಕ ಅದಕ್ಕಿದೆ. ಅಷ್ಟೆ. ಈ ಯಂತ್ರವನ್ನು ಆತ ಕಟ್ಟಲಿಲ್ಲ, ಕಾಗದದ ಮೇಲೆ ಕಲ್ಪಿಸಿದ.

ಓದಿ ಅರ್ಥವಾಗಲಿಲ್ಲ. ಅಡಿಕೆ ಸುಲಿಯುವ ದಿನಗಳಲ್ಲಿ ಅಮ್ಮ ಡಬ್ಬಕ್ಕೊಂದರಂತೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೆಯುವುದು ನೆನಪಾದ ಮೇಲೆ ಅರ್ಥವಾಯಿತು. ಬೆಳಿಗ್ಗೆ ಮೂರು ಗೀಟು, ನಡುವೆ ಒಂದು ಗೀಟಿನಷ್ಟು ಖಾಲಿ ಜಾಗ, ಮಧ್ಯಾಹ್ನ ಎರಡು ಗೀಟು. ಎಣಿಸಲು ಬಾರದ ಯಂತ್ರ ಇವನ್ನು ಕೂಡುವುದು ಹೇಗೆ? ಎಡತುದಿಯಿಂದ ಬಲಕ್ಕೆ ಸರಿಯುತ್ತ ಹೋಗು. ಖಾಲಿ ಜಾಗ ಸಿಕ್ಕ ಕೂಡಲೇ ಅಲ್ಲೊಂದು ಗೀಟು ಎಳೆ. ಮತ್ತೆ ಬಲಕ್ಕೆ ಹೋಗು. ಗೀಟುಗಳು ಮುಗಿದ ಮೇಲೆ ಒಂದು ಮನೆ ಹಿಂದೆ ಬಂದು ಕೊನೆಯ ಗೀಟು ಅಳಿಸು. ನಿಲ್ಲು. ಗೋಡೆಯ ಮೇಲೆ ಐದು ಗೀಟು ಒತ್ತಾಗಿ ನಿಂತಿರುತ್ತವೆ. ಯಂತ್ರಕ್ಕೆ ಮೂರೂ ಗೊತ್ತಿಲ್ಲ, ಎರಡೂ ಗೊತ್ತಿಲ್ಲ, ಉತ್ತರ ಮಾತ್ರ ಸರಿ. ನಾನು ಇದನ್ನು ಸ್ಲೇಟಿನ ಮೇಲೆ ಮಾಡಿ ನೋಡಿದೆ. ನೀವೂ ಒಮ್ಮೆ ಮಾಡಿ, ಹತ್ತು ನಿಮಿಷದ ಕೆಲಸ.

ಈಗ ಗೈಡು ತೆಗೆದರೆ ಅದೇ ಪದಗಳು ಬೇರೆ ಥರ ಕಾಣುತ್ತವೆ. ಪಟ್ಟಿಯೇ ಮೆಮೊರಿ. ನಿಯಮಗಳ ಕೋಷ್ಟಕವೇ ಪ್ರೋಗ್ರಾಂ. ಒಂದೊಂದೇ ಹೆಜ್ಜೆ ನಡೆಸುವ ತಲೆ ಪ್ರೊಸೆಸರ್. ಗೀಟು ಇದೆ ಅಥವಾ ಇಲ್ಲ ಎಂಬ ಒಂದು ಮನೆಯೇ ಬಿಟ್, ಅಂಥ ಎಂಟು ಸೇರಿದರೆ ಬೈಟ್. ಟ್ಯೂರಿಂಗ್ ಅಲ್ಲಿಗೂ ನಿಲ್ಲಲಿಲ್ಲ. ನಿಯಮಗಳನ್ನೂ ಅದೇ ಪಟ್ಟಿಯ ಮೇಲೆ ಬರೆದಿಟ್ಟರೆ, ಅವನ್ನು ಓದಿಕೊಂಡು ಬೇರೆ ಯಾವ ಯಂತ್ರದ ಕೆಲಸವನ್ನಾದರೂ ಮಾಡಬಲ್ಲ ಒಂದೇ ಯಂತ್ರ ಸಾಧ್ಯ ಎಂದು ತೋರಿಸಿದ. ನಮ್ಮ ಮೊಬೈಲು ಒಮ್ಮೆ ರೇಡಿಯೊ, ಒಮ್ಮೆ ಕ್ಯಾಲ್ಕುಲೇಟರ್, ಒಮ್ಮೆ ಬ್ಯಾಂಕು ಆಗುವುದು ಈ ಕಾರಣಕ್ಕೆ. ಹಾರ್ಡ್‌ವೇರ್ ಒಂದೇ, ಸಾಫ್ಟ್‌ವೇರ್ ಬದಲಾಗುತ್ತದೆ. ಹಾರ್ಡ್‌ವೇರ್ ಮುಟ್ಟಬಹುದು, ಸಾಫ್ಟ್‌ವೇರ್ ಮುಟ್ಟಲಾಗದು ಎಂದು ಮೂರು ವರ್ಷದಿಂದ ಬಾಯಿಪಾಠ ಮಾಡಿದ ನನಗೆ ಅದರ ಅರ್ಥ ತಿಳಿದದ್ದು ಆವತ್ತು.

ಯುದ್ಧದ ಕಥೆ ಹಲವರಿಗೆ ಸಿನಿಮಾದಿಂದ ಗೊತ್ತಿರುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. 1939ರ ಸೆಪ್ಟೆಂಬರ್ 4ರಂದು, ಬ್ರಿಟನ್ ಯುದ್ಧ ಸಾರಿದ ಮಾರನೆಯ ದಿನ, ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಎಂಬಲ್ಲಿ ಸರ್ಕಾರದ ಗುಪ್ತ ಕೆಲಸಕ್ಕೆ ಸೇರಿದ. ಜರ್ಮನರ ಎನಿಗ್ಮಾ ಯಂತ್ರವನ್ನು ಹೊಂದಿಸುವ ಬಗೆಗಳು 159ರ ಮುಂದೆ 18 ಸೊನ್ನೆ ಇಟ್ಟಷ್ಟು. ಪೋಲೆಂಡಿನ ಗಣಿತಜ್ಞರು ಆಗಲೇ ಅದರ ಒಳಹೊಕ್ಕು ದಾರಿ ತೋರಿದ್ದರು, ಈ ಮಾತನ್ನು ಸಿನಿಮಾಗಳು ಸರಿಯಾಗಿ ಹೇಳುವುದಿಲ್ಲ. ಎನಿಗ್ಮಾದಲ್ಲಿ ಯಾವ ಅಕ್ಷರವೂ ಅದೇ ಅಕ್ಷರವಾಗಿ ಬರುವುದಿಲ್ಲ ಎಂಬ ಒಂದು ದೋಷವಿತ್ತು. ಅದನ್ನೂ, ಹವಾಮಾನ ವರದಿಯಂಥ ಊಹಿಸಬಹುದಾದ ಪದಗಳನ್ನೂ ಹಿಡಿದುಕೊಂಡು ತಪ್ಪು ಜೋಡಣೆಗಳನ್ನು ರಾಶಿ ರಾಶಿಯಾಗಿ ತಳ್ಳಿಹಾಕುವ ಬಾಂಬ್ ಎಂಬ ಯಂತ್ರವನ್ನು ಟ್ಯೂರಿಂಗ್ ರೂಪಿಸಿದ. ಮೊದಲನೆಯದು 1940ರಲ್ಲಿ ಕೆಲಸ ಶುರು ಮಾಡಿತು. ಪರಾಗದ ನೆಗಡಿಗೆ ಗ್ಯಾಸ್ ಮಾಸ್ಕ್ ಹಾಕಿಕೊಂಡು ಸೈಕಲ್ ತುಳಿಯುತ್ತಿದ್ದನಂತೆ. ಚಹದ ಮಗ್ಗು ಕಳುವಾಗದಂತೆ ಅದನ್ನು ಸರಪಳಿ ಹಾಕಿ ಬಿಗಿಯುತ್ತಿದ್ದನಂತೆ. ಹಾಸ್ಟೆಲಿನಲ್ಲಿ ಇದ್ದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಾರದು.

ಯುದ್ಧ ಮುಗಿದ ಮೇಲೆ ಕಾಗದದ ಯಂತ್ರವನ್ನು ನಿಜವಾಗಿ ಕಟ್ಟುವ ಯೋಜನೆ ಬರೆದ. ಕೆಲಸ ನಿಧಾನವಾಯಿತು, ಬೇಸತ್ತು 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಹೋದ. ಈ ನಡುವೆ ಓಟದ ಹುಚ್ಚು ಬೇರೆ, 1947ರಲ್ಲಿ 2 ಗಂಟೆ 46 ನಿಮಿಷದಲ್ಲಿ ಮ್ಯಾರಥಾನ್ ಮುಗಿಸಿದ್ದ. ಮ್ಯಾಂಚೆಸ್ಟರಿನ ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಕೈಪಿಡಿ ಆತನದೇ. ಅದನ್ನು ಬಳಸುವವರು 32ರ ಆಧಾರದ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಬೇಕಿತ್ತು. ಬೈನರಿಯಿಂದ ಹೆಕ್ಸಾಡೆಸಿಮಲ್‌ಗೆ ಬದಲಾಯಿಸುವ ಲೆಕ್ಕಕ್ಕೆ ಗೊಣಗುವಾಗಲೆಲ್ಲ ನನಗೆ ಆ ಕೈಪಿಡಿ ನೆನಪಾಗುತ್ತದೆ. 1950ರಲ್ಲಿ ಯಂತ್ರಗಳು ಯೋಚಿಸಬಲ್ಲವೇ ಎಂಬ ಪ್ರಶ್ನೆ ಎತ್ತಿಕೊಂಡ ಲೇಖನ ಬಂತು. ಬರಹದ ಮೂಲಕ ಮಾತ್ರ ಮಾತಾಡಿದಾಗ, ಆಚೆ ಇರುವುದು ಮನುಷ್ಯನೋ ಯಂತ್ರವೋ ಎಂದು ಗುರುತಿಸಲಾಗದಿದ್ದರೆ ಏನು ಹೇಳುತ್ತೀರಿ ಎಂಬುದು ಅದರ ಆಟ. ಕೃತಕ ಬುದ್ಧಿಮತ್ತೆಯ ಪ್ರಶ್ನೆಗಳಲ್ಲಿ ಟ್ಯೂರಿಂಗ್ ಟೆಸ್ಟ್ ಎಂದು ಬರುವುದು ಇದೇ.

ಮುಂದಿನದನ್ನು ಯಾವ ಗೈಡೂ ಹೇಳುವುದಿಲ್ಲ. 1952ರಲ್ಲಿ ಮನೆಗೆ ಕಳ್ಳ ನುಗ್ಗಿದ್ದನ್ನು ಟ್ಯೂರಿಂಗ್ ಪೊಲೀಸರಿಗೆ ತಿಳಿಸಿದ. ವಿಚಾರಣೆಯಲ್ಲಿ ಆತನಿಗೆ ಇನ್ನೊಬ್ಬ ಗಂಡಸಿನ ಜೊತೆ ಸಂಬಂಧವಿದೆ ಎಂಬುದು ಹೊರಬಂತು. ದೂರು ಕೊಟ್ಟವನೇ ಆರೋಪಿಯಾದ. ಇಂಗ್ಲೆಂಡಿನಲ್ಲಿ ಆಗ ಅದು ಅಪರಾಧ. ಜೈಲಿನ ಬದಲು ಒಂದು ವರ್ಷ ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯಿತು. ಸರ್ಕಾರದ ಗುಪ್ತ ಕೆಲಸಕ್ಕೆ ಬೇಕಾದ ಅನುಮತಿಯೂ ಹೋಯಿತು. ಯುದ್ಧದಲ್ಲಿ ಏನು ಮಾಡಿದ್ದ ಎಂಬುದು ಗುಟ್ಟಾಗಿದ್ದರಿಂದ ನ್ಯಾಯಾಲಯದಲ್ಲಿ ಅದನ್ನು ಹೇಳಿಕೊಳ್ಳುವಂತೆಯೂ ಇರಲಿಲ್ಲ. 1954ರ ಜೂನ್ 7ರಂದು ಸಯನೈಡ್ ವಿಷದಿಂದ ತೀರಿಕೊಂಡ. ಆಗಿನ್ನೂ 41. ವಿಚಾರಣೆ ಆತ್ಮಹತ್ಯೆ ಎಂದಿತು, ತಾಯಿ ಕೊನೆಯವರೆಗೂ ಅದನ್ನು ಒಪ್ಪಲಿಲ್ಲ. 2009ರಲ್ಲಿ ಬ್ರಿಟನ್ನಿನ ಪ್ರಧಾನಿ ಕ್ಷಮೆ ಕೇಳಿದರು. 2013ರಲ್ಲಿ ರಾಣಿಯ ಮಾಫಿ ಬಂತು. 2021ರಲ್ಲಿ 50 ಪೌಂಡಿನ ನೋಟಿನ ಮೇಲೆ ಮುಖ ಬಂತು. ಬ್ರಿಟಿಷರು ನಮಗೆ ಬಿಟ್ಟುಹೋದ ಅಂಥದೇ ಕಾನೂನು, ಐಪಿಸಿ 377, ಒಪ್ಪಿಗೆಯಿಂದ ಕೂಡಿದ ವಯಸ್ಕರಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಇದು ಸಂವಿಧಾನದ ಭಾಗದಲ್ಲಿ ಕೇಳುವ ಪ್ರಶ್ನೆ. ನಾನು ಈಗ ಅದನ್ನು ಎರಡು ಕಡೆ ಬರೆದಿಟ್ಟುಕೊಂಡಿದ್ದೇನೆ.

ಸರ್ಕಾರಿ ಕೆಲಸ ಎಂದರೆ ಭದ್ರತೆ ಎಂದು ಮನೆಯಲ್ಲಿ ದಿನಾ ಕೇಳುವವನು ನಾನು. ಸರ್ಕಾರಕ್ಕೆ ಅಷ್ಟು ಮಾಡಿದವನಿಗೆ ಅದೇ ಸರ್ಕಾರ ಹೀಗೆ ಮಾಡಿದ್ದನ್ನು ಓದಿದ ರಾತ್ರಿ ಪುಸ್ತಕ ಮುಚ್ಚಿಟ್ಟೆ. ಮಾರನೆಯ ದಿನ ಮತ್ತೆ ತೆಗೆದೆ, ಪರೀಕ್ಷೆ ಇತ್ತಲ್ಲ.

ಹೋದ ವಾರ ಚನ್ನಗಿರಿಗೆ ಹೋಗಿ ಸೈಬರ್ ಸೆಂಟರಿನಲ್ಲಿ ಹೊಸ ಅರ್ಜಿ ಹಾಕಿದೆ. ಫೋಟೊ, ಸಹಿ, ಜಾತಿ ಪ್ರಮಾಣಪತ್ರದ ಸಂಖ್ಯೆ ಎಲ್ಲ ತುಂಬಿದ ಮೇಲೆ ಕೊನೆಗೆ ಸೊಟ್ಟಗೆ ಬರೆದ ಅಕ್ಷರಗಳ ಒಂದು ಪೆಟ್ಟಿಗೆ ಬಂತು, ನಾನು ಮನುಷ್ಯನೇ ಎಂದು ಯಂತ್ರಕ್ಕೆ ತೋರಿಸಲು. ಅದರ ಹೆಸರು ಕ್ಯಾಪ್ಚಾ, ಬಿಡಿಸಿದರೆ ನಡುವಿನ ಟಿ ಅಕ್ಷರ ಟ್ಯೂರಿಂಗ್. ಮೊದಲ ಸಲ ತಪ್ಪು ಟೈಪ್ ಮಾಡಿದೆ. ಎರಡನೇ ಸಲ ನಿಧಾನವಾಗಿ ಒಂದೊಂದೇ ಅಕ್ಷರ ನೋಡಿ ಒತ್ತಿದೆ, ಒಪ್ಪಿಕೊಂಡಿತು.