ಗ್ರಹಣಕ್ಕೂ ಮಗುವಿನ ಹೃದಯದ ತೂತಿಗೂ ನಂಟಿದೆಯೇ? ಹಿಲ್ಡೆ ಮ್ಯಾಂಗೋಲ್ಡ್ ಕಥೆ ಓದಿ

ಬಸುರಿ ಗ್ರಹಣದ ಹೊತ್ತಿಗೆ ಹೊರಗೆ ಬಂದರೆ, ಚಾಕು ಹಿಡಿದರೆ ಮಗುವಿನ ತುಟಿ ಸೀಳುತ್ತದೆ, ಹೃದಯದಲ್ಲಿ ತೂತಾಗುತ್ತದೆ ಎಂಬ ಮಾತನ್ನು ಕಕ್ಕೇರಾ, ಸುರಪುರದ ಕಡೆ ನಾವೂ ಕೇಳಿದ್ದೇವೆ. ಮಗುವಿಗೆ ತೊಂದರೆಯಾದರೆ ಬೈಗುಳ ತಾಯಿಗೆ. ಹೃದಯ ನಿಜಕ್ಕೂ ಹೇಗೆ ರೂಪುಗೊಳ್ಳುತ್ತದೆ? ಆ ತಿಳಿವಳಿಕೆಗೆ ದಾರಿ ಮಾಡಿದವರಲ್ಲಿ ಒಬ್ಬಳು 25ರ ವಯಸ್ಸಿಗೇ ತೀರಿಹೋದ ಹಿಲ್ಡೆ ಮ್ಯಾಂಗೋಲ್ಡ್.

ಹಿಲ್ಡೆ ಹುಟ್ಟಿದ್ದು 1898ರಲ್ಲಿ, ಜರ್ಮನಿಯ ಗೋಥಾದಲ್ಲಿ. ಹಾನ್ಸ್ ಸ್ಪೆಮನ್ ಅವರ ಉಪನ್ಯಾಸ ಕೇಳಿ, ಭ್ರೂಣಗಳ ಅಧ್ಯಯನಕ್ಕೆಂದೇ 1920ರಲ್ಲಿ ಫ್ರೈಬರ್ಗ್‌ಗೆ ಹೋದಳು. ಅಲ್ಲಿ ಸಿಕ್ಕಿದ್ದು ನ್ಯೂಟ್ ಎಂಬ ಜೀವಿ. ನೋಡಲು ಹಲ್ಲಿ, ಬಳಗ ಕಪ್ಪೆಯದು. ಎಳ್ಳಿಗಿಂತ ದೊಡ್ಡದಲ್ಲದ ಅದರ ಭ್ರೂಣದಿಂದ ಗಾಜಿನ ಸೂಜಿ ಮತ್ತು ಕೂದಲಿನ ಕುಣಿಕೆಯಲ್ಲಿ ಒಂದು ಚೂರು ತೆಗೆದು, ಇನ್ನೊಂದು ಭ್ರೂಣದ ಹೊಟ್ಟೆಯ ಭಾಗಕ್ಕೆ ಕೂರಿಸಬೇಕು. ಆಗ ಆ್ಯಂಟಿಬಯಾಟಿಕ್ ಇರಲಿಲ್ಲ, ಹೆಚ್ಚಿನ ಭ್ರೂಣಗಳು ಸಾಯುತ್ತಿದ್ದವು. ಪ್ರಬಂಧದಲ್ಲಿ ವಿವರಿಸಲು ಉಳಿದದ್ದು ಆರೇ.

ಆ ಆರು ಸಾಕಾದವು. ಹೊಟ್ಟೆಯ ಜಾಗದಲ್ಲಿ ಎರಡನೇ ದೇಹವೇ ಮೂಡತೊಡಗಿತ್ತು! ಚೂರು ಬಿಳಿ ಜಾತಿಯದು, ಭ್ರೂಣ ಕಪ್ಪು ಜಾತಿಯದು. ಹಾಗಾಗಿ ಯಾವುದು ಯಾರದ್ದೆಂದು ಗುರುತಿಸಬಹುದಿತ್ತು. ಹೊಸ ದೇಹದ ಬಹುಪಾಲು ಕಪ್ಪು ಕೋಶಗಳದ್ದೇ. ಅಂದರೆ ಬಿಳಿ ಚೂರು ಅಕ್ಕಪಕ್ಕದ ಕೋಶಗಳಿಗೆ ಏನೋ ಸೂಚನೆ ಕೊಟ್ಟಿತ್ತು.

1924ರ ಸೆಪ್ಟೆಂಬರ್‌ನಲ್ಲಿ ಅಡುಗೆಮನೆಯ ಬೆಂಕಿ ಅನಾಹುತ ಅವಳನ್ನು ಬಲಿ ತೆಗೆದುಕೊಂಡಿತು. ಮಗ ಇನ್ನೂ ಕೂಸು. ಅದೇ ವರ್ಷ ಬಂದ ಪ್ರಬಂಧ ಅವಳ ಡಾಕ್ಟರೇಟ್ ಕೆಲಸ, ಆದರೆ ಮೊದಲ ಹೆಸರು ಸ್ಪೆಮನ್‌ರದ್ದು. 1935ರ ನೊಬೆಲ್ ಕೂಡ ಅವರಿಗೊಬ್ಬರಿಗೇ.

ಸೂಚನೆ ಏನೆಂಬುದು ತಿಳಿದದ್ದು 1990ರ ದಶಕದಲ್ಲಿ. ನಾಗಿನ್, ಕಾರ್ಡಿನ್ ಎಂಬ ಪ್ರೋಟೀನ್‌ಗಳು ಬಿಎಂಪಿ ಎಂಬ ಇನ್ನೊಂದು ಪ್ರೋಟೀನನ್ನು ತಡೆಹಿಡಿಯುತ್ತವೆ. ಹೃದಯದ ವಿಷಯದಲ್ಲಿ ಇದೇ ಬಿಎಂಪಿ ಬೇಕೇಬೇಕು: ಪಕ್ಕದ ಪದರದಿಂದ ಬರುವ ಬಿಎಂಪಿ, ಎಫ್‌ಜಿಎಫ್ ಸಂಕೇತಗಳು ಕೆಲವು ಕೋಶಗಳನ್ನು ಹೃದಯದ ಸ್ನಾಯುವಾಗುವತ್ತ ತಿರುಗಿಸುತ್ತವೆ, ವಿಂಟ್ ಎಂಬ ಸಂಕೇತ ಆ ಹೊತ್ತಿಗೆ ಅಲ್ಲಿ ತಗ್ಗಿರಬೇಕು. ಮನುಷ್ಯರಲ್ಲಿ ಗರ್ಭ ಕಟ್ಟಿದ ಸುಮಾರು 22ನೇ ದಿನ ಮಿಡಿತ ಶುರು, ಎಂಟನೇ ವಾರದ ಹೊತ್ತಿಗೆ ಒಳಗೋಡೆಗಳು ಬಹುಮಟ್ಟಿಗೆ ಸಿದ್ಧ. ಎಷ್ಟೋ ಮಂದಿಗೆ ಬಸುರಿ ಎಂದು ಖಾತ್ರಿಯಾಗುವಷ್ಟರಲ್ಲಿ ಹೃದಯದ ಹೆಚ್ಚಿನ ಕೆಲಸ ಮುಗಿದಿರುತ್ತದೆ.

ಆ ಕೆಲಸ ಎಡವಲು ವಂಶವಾಹಿಯ ದೋಷ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ರುಬೆಲ್ಲಾ ಸೋಂಕು, ಕೆಲವು ಔಷಧಿ ಕಾರಣವಾಗಬಹುದು. ಎಷ್ಟೋ ಮಕ್ಕಳಲ್ಲಿ ಕಾರಣವೇ ಸಿಗುವುದಿಲ್ಲ. ಚಂದ್ರನ ನೆರಳು ಈ ಪಟ್ಟಿಯಲ್ಲಿಲ್ಲ. ಹಾಲು ಕುಡಿಯುವಾಗ ಕೂಸು ಏದುಸಿರು ಬಿಟ್ಟರೆ, ತುಟಿ ನೀಲಿಗಟ್ಟಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಅಂಗನವಾಡಿ, ಸರ್ಕಾರಿ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಹುಟ್ಟಿನಿಂದ ಬರುವ ಹೃದಯದೋಷವನ್ನೂ ತಪಾಸಣೆ ಮಾಡುತ್ತದೆ, ಅದರಡಿ ಚಿಕಿತ್ಸೆ ಉಚಿತ.