ಚಾಮರಾಜೇಂದ್ರ ಒಡೆಯರ್: ದತ್ತುಪುತ್ರನೊಬ್ಬನ ಬದುಕು, ನಮ್ಮ ತರಗತಿ

ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರ್ ಹುಟ್ಟಿದ್ದು 1863ರಲ್ಲಿ, ಬೆಟ್ಟದಕೋಟೆ ಅರಸು ಮನೆತನದಲ್ಲಿ. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅವರನ್ನು ದತ್ತು ತೆಗೆದುಕೊಂಡರು. ದತ್ತುಮಗನಿಗೆ ರಾಜ್ಯ ಸಲ್ಲುತ್ತದೆಯೇ ಎಂಬ ಪ್ರಶ್ನೆ ಲಂಡನ್ನಿನಲ್ಲಿ ತೀರ್ಮಾನವಾದದ್ದು 1867ರಲ್ಲಿ. ಆಗ ಅವರಿಗೆ ನಾಲ್ಕು ವರ್ಷ. ಮರುವರ್ಷ ತಂದೆ ತೀರಿಕೊಂಡರು, ಐದರ ಬಾಲಕ ಪಟ್ಟವೇರಿದರು. ಲೋಕರಂಜನ ಮಹಲಿನ ಶಾಲೆಯಲ್ಲಿ ಓರಗೆಯ ಹುಡುಗರ ಜೊತೆ ಓದಿದರು. 1881ರಲ್ಲಿ ಅಧಿಕಾರ ವಹಿಸಿಕೊಂಡು, ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಆರಂಭಿಸಿದರು. 1894ರಲ್ಲಿ, 31ನೆಯ ವಯಸ್ಸಿನಲ್ಲಿ, ಕಲ್ಕತ್ತೆಯಲ್ಲಿ ನಿಧನರಾದರು. ನಾಡು ಅವರನ್ನು ನೆನೆಯುವುದು ಮಾಡಿದ ಕೆಲಸದಿಂದ.

ಸೇಡಂನಲ್ಲಿ ಹತ್ತನೆಯ ತರಗತಿಗೆ ಅನುವಂಶೀಯತೆಯ ಪಾಠಯೋಜನೆ ಬರೆಯುವಾಗ ನನಗೆ ಈ ಬದುಕು ನೆನಪಾಯಿತು. ಮಕ್ಕಳ ಕಿವಿಹಾಲೆಯನ್ನು ತಂದೆ-ತಾಯಿಯ ಕಿವಿಹಾಲೆಗೆ ಹೋಲಿಸುವ ಚಟುವಟಿಕೆ ಆ ಪಾಠದಲ್ಲಿದೆ. ದತ್ತುಮಗು ಅಲ್ಲಿ ಏನು ಬರೆಯಬೇಕು? ತಾನು ದತ್ತು ಎಂಬುದೇ ಅದಕ್ಕೆ ಗೊತ್ತಿಲ್ಲದಿದ್ದರೆ? ಅದಕ್ಕೇ ತರಗತಿಯ ಕಿವಿಹಾಲೆಗಳನ್ನಷ್ಟೇ ಎಣಿಸಿಸುತ್ತೇನೆ. ತಂದೆ-ತಾಯಿಯ ವಿವರಕ್ಕೆ ನಾನೇ ಸಿದ್ಧಪಡಿಸಿದ ಕೋಷ್ಟಕ ಕೊಡುತ್ತೇನೆ. ಪಾಠದ ಉದ್ದೇಶವೂ ಈಡೇರುತ್ತದೆ, ಮನೆಯ ವಿಷಯ ಎಲ್ಲರೆದುರು ಹೇಳುವ ಒತ್ತಾಯ ಯಾವ ಮಗುವಿಗೂ ಇರುವುದಿಲ್ಲ.